ಎರಡನೆಯ ಮಗಳ ಮನೆ

ಒಲಿಂಬೊಸ್, ಕಾರ್ಪಥೊಸ್ ದ್ವೀಪ
೩೦ ಸೆಪ್ಟೆಂಬರ್ ೧೯೬೯

ಪ್ರೀತಿಯ ಅಕ್ಕಾ,

ಅಮ್ಮನ ವರ್ಷದ ಕಾರ್ಯ ಮೊನ್ನೆ ಭಾನುವಾರ ಸುಸೂತ್ರವಾಗಿ ಮುಗಿಯಿತು. ಬೇಯಿಸಿದ ಗೋಧಿಗೆ ದಾಳಿಂಬೆ, ಬಾದಾಮಿ, ಒಣದ್ರಾಕ್ಷಿ ಬೆರೆಸಿ, ಮೇಲೆ ಸಕ್ಕರೆ ಹರಡಿ ನಾನೇ ಅಮ್ಮನ ಹೆಸರು ಬರೆದೆ. ಅಕ್ಷರ ಸ್ವಲ್ಪ ಓರೆಯಾಯಿತು. ಪಕ್ಕದ ಮನೆಯ ಮರೂಕ್ಲಾ ಅಜ್ಜಿ ಚರ್ಚಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಕಲಿಯೋಪಿ ಬದುಕಿದ್ದಾಗ್ಲೂ ಒಂದ್ಕಡೆ ನೆಟ್ಟಗೆ ನಿಂತೋಳಲ್ಲ, ಈಗ ಸಕ್ಕರೇಲೂ ವಾಲ್ಕೊಂಡಿದಾಳೆ ನೋಡ್ರೇ" ಅಂದಳು. ಪಾದ್ರಿಗಳಿಗೂ ನಗು ತಡೆಯಲಾಗಲಿಲ್ಲ. ಅಮ್ಮ ಇದ್ದಿದ್ದರೆ ಅವಳೇ ಮೊದಲು ನಗುತ್ತಿದ್ದಳು.

ನಿನ್ನ ಮನೆ ಚೆನ್ನಾಗಿದೆ. ಗೋಡೆಯ ಮೇಲಿನ ಅಲಂಕಾರದ ತಟ್ಟೆಗಳನ್ನೆಲ್ಲ ಇಳಿಸಿ, ತೊಳೆದು, ಇದ್ದ ಜಾಗಕ್ಕೇ ಹಾಕಿದ್ದೇನೆ. ಸುಣ್ಣ ಬಳಿದಾಯಿತು. ಮಳೆಗೆ ಮುಂಚೆ ಮಾಳಿಗೆಯ ಮಣ್ಣು ಗಟ್ಟಿ ಮಾಡಬೇಕಿತ್ತು. ಉರುಳುಗಲ್ಲು ಎಳೆಯುವುದು ಈಗ ನನ್ನ ಕೈಲಾಗುವುದಿಲ್ಲ. ಬೂಟು ಹೊಲಿಯುವ ಮಿನಾಸ್ ಬಂದು ಎಳೆದುಕೊಟ್ಟ. ಗೊತ್ತಲ್ಲ, ನಾಲ್ಕು ವರ್ಷದ ಹಿಂದೆ ಹೆಂಡತಿ ತೀರಿಕೊಂಡವನು. ಮೇಲೆ ನಿಂತು ಹಾಡು ಹೇಳುತ್ತಾನೆ, ಕೆಳಗೆ ನನ್ನ ತಲೆಯ ಮೇಲೆ ಮಣ್ಣು ಉದುರುತ್ತದೆ. ಬೈದರೆ, "ಹಾಡಿಲ್ದೆ ಕಲ್ಲು ಉರುಳಲ್ಲ ಸೆವಾಸ್ತಿ" ಅನ್ನುತ್ತಾನೆ. ಊಟಕ್ಕೆ ಹಿಟ್ಟು ಹೊಸೆದು, ಬೇಯಿಸಿ, ಕರಿದ ಈರುಳ್ಳಿ ಹಾಕಿ ಮಕರೂನೆಸ್ ಮಾಡಿದ್ದೆ. ಮಿನಾಸ್ ಎರಡು ಸಲ ಹಾಕಿಸಿಕೊಂಡ.

ಭಾವನ ಕೆಲಸ ಹೇಗಿದೆ? ಅಮ್ಮನ ಹೆಸರಿನ ನಿನ್ನ ಮಗಳು ಕಲಿಯೋಪಿಗೆ ಗಂಡು ಗೊತ್ತಾಯಿತೇ? ಅವಳು ಬರುವ ಹೊತ್ತಿಗೆ ಮನೆ ಅಮ್ಮ ಬಿಟ್ಟುಹೋದ ಹಾಗೆಯೇ ಇರಬೇಕೆಂದು ನನ್ನ ಆಸೆ.

ನಿನ್ನ ತಂಗಿ
ಸೆವಾಸ್ತಿ


ಪಿರೇಯಸ್
೯ ನವೆಂಬರ್ ೧೯೬೯

ಸೆವಾಸ್ತಿ, ಕೂಸೇ,

ನಿನ್ನ ಕಾಗದ ಓದಿ ಗಟ್ಟಿಯಾಗಿ ಅತ್ತೆ. ನಿನ್ನ ಭಾವ ಸ್ತಮಾತಿಸ್ ಹೆದರಿ ಹಡಗಿನ ಬಣ್ಣ ಮೆತ್ತಿದ ಕೈಯಲ್ಲೇ ಓಡಿಬಂದ. ಈಗ ನನ್ನ ಕುಪ್ಪಸದ ಮೇಲೆ ಐದು ಬೆರಳೂ ಕೆಂಪಗೆ ಮೂಡಿವೆ.

ನಾವಿಲ್ಲಿ ಚೆನ್ನಾಗಿದ್ದೇವೆ. ದೊಡ್ಡ ಮನೆ, ಗಾಳಿ ಬೆಳಕು ಬೇಕಾದಷ್ಟು, ಉಪ್ಪರಿಗೆಯಿಂದ ಬಂದರು ಕಾಣುತ್ತದೆ. ಕಲಿಯೋಪಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಹುಡುಗ ಹೆಚ್ಚುಕಡಿಮೆ ಗೊತ್ತಾದ ಹಾಗೆಯೇ. ಮುಂದಿನ ವರ್ಷ ಮದುವೆ ನಮ್ಮೂರಲ್ಲೇ, ನಮ್ಮ ಮನೆಯಲ್ಲೇ. ಅಮ್ಮನ ಹೆಸರು ಇಟ್ಟುಕೊಂಡವಳು ಅಮ್ಮನ ಮನೆಗೆ ಬಂದು ಕೂರಬೇಕಲ್ಲವೇ?

ಈಗ ಹೇಳುವುದನ್ನು ಸರಿಯಾಗಿ ಕೇಳಿಸಿಕೊ. ನೀಲಿ ಮೀನಿನ ತಟ್ಟೆ ಕಂಬದ ಎಡಕ್ಕೇ ಇರಲಿ. ಮಲಗುವ ಅಟ್ಟದ ಕಟಕಟೆಗೆ ಎಣ್ಣೆ ಸವರು. ಅಟ್ಟದ ಮೇಲೆ ಬೇರೆ ಯಾರೂ ಮಲಗುವುದು ಬೇಡ, ಕಸೂತಿಯ ದಿಂಬುಗಳು ಹಾಳಾಗುತ್ತವೆ. ಮದುವೆಯಾದ ಮೇಲೆ ನೀನೆಲ್ಲಿ ಹೋಗಬೇಕು ಅಂತ ಚಿಂತೆ ಮಾಡಬೇಡ. ಹಿತ್ತಿಲ ಕೋಣೆ ಇದ್ದೇ ಇದೆ, ಒಲೆಯ ಪಕ್ಕ ಬೆಚ್ಚಗಿರುತ್ತದೆ. ಕಲಿಯೋಪಿಗೂ ಮಗುಗಿಗು ಆದರೆ ಒಬ್ಬರು ಬೇಕಲ್ಲ.

ಅದಿರಲಿ, ಒಂದೇ ಕಾಗದದಲ್ಲಿ ಆ ಮಿನಾಸ್ ಎಷ್ಟು ಸಲ ಬಂದ ಮಾರಾಯ್ತಿ! ಮಾಳಿಗೆ ಗಟ್ಟಿಯಾಯಿತೋ ಇಲ್ಲವೋ, ಅವನ ಹೊಟ್ಟೆಯಂತೂ ತುಂಬಿದೆ. ಜೋಪಾನ.

ನಿನ್ನ ಅಕ್ಕ
ರಿಗೊಪುಲಾ


ಒಲಿಂಬೊಸ್
೧೨ ಜನವರಿ ೧೯೭೦

ಅಕ್ಕಾ,

ನಿನ್ನ ಕಾಗದ ಬಂತು. ಕಡಲು ಕೆಟ್ಟಿದ್ದರಿಂದ ದೋಣಿ ಬಹಳ ದಿನ ಬಂದಿರಲಿಲ್ಲ.

ಆಲಿವ್ ಕೊಯ್ಲು ಮುಗಿಯಿತು. ಎಣ್ಣೆ ಸಾಧಾರಣ. ನಿನ್ನ ಪಾಲು ಬೇರೆ ಡಬ್ಬಿಗಳಲ್ಲಿ ತುಂಬಿಸಿ ಕೆಳಗೆ ಬಂದರಿಗೆ ಕಳಿಸಿದ್ದೇನೆ.

ನೀಲಿ ಮೀನಿನ ತಟ್ಟೆ ಕಂಬದ ಎಡಕ್ಕೇ ಇದೆ. ಕಟಕಟೆಗೆ ಎಣ್ಣೆ ಸವರಿದ್ದೇನೆ. ಅಟ್ಟದ ಮೇಲೆ ಯಾರೂ ಮಲಗುವುದಿಲ್ಲ. ಕಲಿಯೋಪಿ ಬಂದ ಮೇಲೆ ಗಡಿಬಿಡಿಯಾಗುವುದು ಬೇಡವೆಂದು ನನ್ನ ಹಾಸಿಗೆಯನ್ನು ಈಗಲೇ ಹಿತ್ತಿಲ ಕೋಣೆಗೆ ಹಾಕಿಕೊಂಡೆ. ನೀನು ಹೇಳಿದ ಹಾಗೆ ಬೆಚ್ಚಗಿದೆ.

ಮಿನಾಸ್ ಈಗ ಈ ಕಡೆ ಬರುವುದಿಲ್ಲ. ಮಾಳಿಗೆ ಸೋರಿದರೆ ಪಾದ್ರಿಗಳ ಮನೆಯ ಆಳನ್ನು ಕರೆಯುತ್ತೇನೆ.

ಬೇರೇನೂ ವಿಶೇಷವಿಲ್ಲ.

ಸೆವಾಸ್ತಿ


ಪಿರೇಯಸ್
೨೦ ಮಾರ್ಚ್ ೧೯೭೦

ಸೆವಾಸ್ತಿ,

ಎರಡು ತಿಂಗಳು ನಿನ್ನ ಇನ್ನೊಂದು ಕಾಗದಕ್ಕೆ ಕಾದೆ. ಬರಲಿಲ್ಲ. ಬಂದದ್ದು ಊರಿನವರ ಬಾಯಿಂದ ಸುದ್ದಿ. ಎಣ್ಣೆ ಡಬ್ಬಿ ತಂದುಕೊಟ್ಟವನು, "ಸೆವಾಸ್ತಿ ಮನೇನ ಹೊಸ ಮದುಮಗಳ ಮನೆ ಥರ ಇಟ್ಕೊಂಡಿದಾಳೆ, ಬೂಟಿನವನು ಮಾಳಿಗೆ ಮೇಲೆ ನಿಂತು ಹಾಡ್ತಿದ್ದ" ಅಂದ. ಅವನು ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ.

ನೇರವಾಗಿ ಕೇಳುತ್ತೇನೆ. ನಿನ್ನ ಮನಸ್ಸಿನಲ್ಲಿ ಆ ಮನೆಯ ಆಸೆ ಇದೆಯೇ? ಇದ್ದರೆ ಬಾಯಿಬಿಟ್ಟು ಹೇಳು. ಒಳಗೊಳಗೇ ಮುಖ ಊದಿಸಿಕೊಂಡು ಮೂರು ಸಾಲಿನ ಕಾಗದ ಬರೆಯಬೇಡ. ತಾಯಿಯ ಮನೆ ಮೊದಲ ಮಗಳಿಗೆ ಅನ್ನುವುದು ನಾನು ಮಾಡಿದ ಕಟ್ಟಳೆಯಲ್ಲ. ಅಜ್ಜಿಯಿಂದ ಅಮ್ಮನಿಗೆ ಬಂತು, ಅಮ್ಮನಿಂದ ನನಗೆ, ನನ್ನಿಂದ ಕಲಿಯೋಪಿಗೆ. ನೀನು ಎರಡನೆಯವಳಾಗಿ ಹುಟ್ಟಿದ್ದಕ್ಕೆ ನಾನೇನು ಮಾಡಲಿ?

ಈ ಸಲ ಈಸ್ಟರ್ ಹಬ್ಬಕ್ಕೆ ಕಲಿಯೋಪಿ ಒಬ್ಬಳೇ ಬರುತ್ತಾಳೆ. ನನಗೆ ಬರಲಾಗದು. ಅವಳಿಗೆ ಮನೆ ತೋರಿಸು, ಹೊಲ ತೋರಿಸು, ಅಮ್ಮನ ಪೆಟ್ಟಿಗೆ ತೆರೆದು ಬಟ್ಟೆಗಳನ್ನು ತೋರಿಸು. ಅದರ ಬೆಲೆ ಏನೆಂದು ನೀನೇ ಅವಳಿಗೆ ಹೇಳು. ನಿನ್ನ ಮಾತು ಅವಳು ಕೇಳುತ್ತಾಳೆ.

ರಿಗೊಪುಲಾ


ಒಲಿಂಬೊಸ್
೩೦ ಏಪ್ರಿಲ್ ೧೯೭೦

ಅಕ್ಕಾ,

ಕ್ರಿಸ್ತ ಎದ್ದಿದ್ದಾನೆ. ಹಬ್ಬದ ವಾರದಲ್ಲಿ ಕೋಪ ಇಟ್ಟುಕೊಳ್ಳಬಾರದು. ಮಾರ್ಚ್ ತಿಂಗಳ ನಿನ್ನ ಕಾಗದವನ್ನು ಓದಿ ಒಲೆಗೆ ಹಾಕಿದೆ. ಆಮೇಲೆ ಸಂಕಟವಾಯಿತು. ಇದನ್ನು ಕಲಿಯೋಪಿಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ, ದೋಣಿಯ ಭರವಸೆ ಬೇಡ.

ನಿನ್ನ ಮಗಳು ಪ್ಯಾಂಟು ಹಾಕಿಕೊಂಡು ಹೇಸರಗತ್ತೆಯ ಮೇಲೆ ಊರೊಳಗೆ ಬಂದಳು. ಮರೂಕ್ಲಾ ಅಜ್ಜಿ ಬಾಗಿಲಲ್ಲಿ ನಿಂತು, "ಯಾರೋ ನೀನು, ಯಾರ ಮಗ?" ಅಂತ ಕೇಳಿದಳು. "ಅಜ್ಜೀ, ನಾನು ಪೋಪಿ" ಅಂದಳು ಇವಳು. "ಪೋಪಿನೋ? ಅದು ಮೇಕೆ ಹೆಸರು. ಕಲಿಯೋಪಿ ಅನ್ನು, ನಿಮ್ಮಜ್ಜಿ ಎದ್ದು ಬಂದಾಳು!" ಇಬ್ಬರೂ ಆವತ್ತಿನಿಂದ ಜೊತೆ ಬಿಟ್ಟಿಲ್ಲ. ಶನಿವಾರ ಮೇಕೆಮರಿಯ ಹೊಟ್ಟೆಗೆ ಅಕ್ಕಿ ತುಂಬುವುದನ್ನು ಅಜ್ಜಿಯೇ ಅವಳಿಗೆ ಕಲಿಸಿದಳು.

ನೀನು ಹೇಳಿದ್ದನ್ನೆಲ್ಲ ತೋರಿಸಿದೆ. ಮನೆ, ಹೊಲ, ಪೆಟ್ಟಿಗೆ. ಅವಳು ಒಂದೊಂದನ್ನೂ ಮುಟ್ಟಿ ನೋಡಿ, "ಎಷ್ಟು ಚೆನ್ನಾಗಿದೆ ಚಿಕ್ಕಮ್ಮ" ಅಂದಳು. ಅಮ್ಮನ ಚಿನ್ನದ ಸರವನ್ನು ಕೊರಳಿಗೆ ಹಾಕಿ ಕನ್ನಡಿ ಹಿಡಿದೆ. ಅವಳು ಅದನ್ನು ತೆಗೆದು ನನ್ನ ಕೈಗಿಟ್ಟು, "ಇದೆಲ್ಲ ನನಗ್ಯಾಕೆ?" ಅಂದಳು.

"ನೀನು ಮೊದಲ್ನೇ ಮಗಳಲ್ವೇನೇ, ಅದಕ್ಕೆ."

"ಮತ್ತೆ ನೀನು?"

"ನಾನು ಎರಡನೇಳು. ಎರಡನೇಳಿಗೆ ಮನೆ ಇಲ್ಲ. ನಮ್ಮೂರಲ್ಲಿ ಗಂಡು ಹೆಣ್ಣಿನ ಮನೆಗೆ ಬಂದು ಇರ್ಬೇಕು. ಮನೆ ಇಲ್ದೋಳ ಹತ್ರ ಯಾವನು ಬರ್ತಾನೆ?"

ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು, ಅಕ್ಕಾ. ಹುಡುಗ ಗಿಡುಗ ಯಾರೂ ಇಲ್ಲವೆಂದು. ಔಷಧಿಯ ಓದು ಓದಬೇಕೆಂದಿದ್ದಾಳೆಂದು. ಈ ಊರಿಗೆ ಬಂದು ಇರಲಾರೆ ಎಂದು ಕಳೆದ ವರ್ಷವೇ ನಿನಗೆ ಹೇಳಿಬಿಟ್ಟಿದ್ದಳೆಂದು. "ಅಮ್ಮ ಅವತ್ತಿಂದ ನನ್ ಹತ್ರ ಸರಿಯಾಗಿ ಮಾತಾಡಿಲ್ಲ ಚಿಕ್ಕಮ್ಮ. ಸಿಂಕ್ ಹತ್ರ ನಿಂತು ನಲ್ಲಿ ಬಿಟ್ಕೊಂಡು ಅಳ್ತಾಳೆ, ನಂಗೆ ಕೇಳಿಸ್ಬಾರ್ದು ಅಂತ."

ನೀನು ನನಗೇಕೆ ಬರೆಯಲಿಲ್ಲ? ಬೈಯಲು ಕಾಗದ ಸಿಗುತ್ತದೆ, ಅಳಲು ಸಿಗುವುದಿಲ್ಲವೇ?

ಈಗ ನಾನು ಬರೆಯದೆ ಇದ್ದದ್ದನ್ನು ಬರೆಯುತ್ತೇನೆ. ಡಿಸೆಂಬರಿನಲ್ಲಿ, ಆಲಿವ್ ಕೊಯ್ಲಿನ ಹೊತ್ತು, ಮಿನಾಸ್ ಗಾಣದ ಹತ್ತಿರ ಬಂದು ನನ್ನ ಮುಂದೆ ಒಂದು ಜೊತೆ ಬೂಟು ಇಟ್ಟ. ಕೆಂಪು ಅಂಚಿನ, ಮೆತ್ತನೆಯ ಮೇಕೆ ಚರ್ಮದ ಬೂಟು. ನಾನು ಅಳತೆ ಕೊಟ್ಟಿರಲಿಲ್ಲ. "ಮಾಳಿಗೆ ಹಸಿಮಣ್ಣಲ್ಲಿ ನಿನ್ ಪಾದ ಮೂಡಿತ್ತು, ಅಲ್ಲೇ ದಾರ ಹಿಡಿದೆ" ಅಂದ. ಆಮೇಲೆ ಕೇಳಿದ. ಅವನ ಮನೆ ಅವನ ಹೆಂಡತಿಯದು. ಬರುವ ಸೆಪ್ಟೆಂಬರಿನಲ್ಲಿ ಮಗಳು ಫೋತಿನಿಗೆ ಮದುವೆ, ಆಗ ಮನೆ ಅವಳದು, ಇವನು ಬೀದಿಗೆ. "ನಿಂಗೂ ಮನೆ ಇಲ್ಲ, ನಂಗೂ ಇಲ್ಲ. ಇದೊಂದ್ರಲ್ಲಾದ್ರೂ ಜೋಡಿ ಸರಿಹೋಯ್ತಲ್ಲ ಸೆವಾಸ್ತಿ" ಅಂದ. ನನಗೆ ನಗುವೂ ಬಂತು, ಅಳುವೂ ಬಂತು. ಅದೇ ವಾರ ನಿನ್ನ ಕಾಗದ ಕೈಗೆ ಸಿಕ್ಕಿತು, ಹಿತ್ತಿಲ ಕೋಣೆಯ ಕಾಗದ. ನಲವತ್ತು ದಾಟಿದವಳಿಗೆ ಇದೆಲ್ಲ ಏಕೆ, ಅಕ್ಕನ ಮಗಳ ಮಕ್ಕಳನ್ನು ಆಡಿಸಿಕೊಂಡು ಒಲೆಯ ಪಕ್ಕ ಬಿದ್ದಿರುತ್ತೇನೆ ಅಂದುಕೊಂಡೆ. ಬೂಟನ್ನು ಹಿಂದಕ್ಕೆ ಕೊಟ್ಟೆ. ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಮೊನ್ನೆ ಹಬ್ಬದ ಮಂಗಳವಾರ ಮೂರ್ತಿಪಟಗಳ ಮೆರವಣಿಗೆ ಗುಡ್ಡ ಸುತ್ತಿ ಸ್ಮಶಾನಕ್ಕೆ ಬಂತು. ಎಲ್ಲರೂ ತಂತಮ್ಮವರ ಸಮಾಧಿಯ ಮೇಲೆ ರೊಟ್ಟಿ, ಗಿಣ್ಣು, ಕಿತ್ತಳೆ ಇಟ್ಟರು. ನಾನು ಅಮ್ಮನ ಹತ್ತಿರ ಕೂತು ಎಲ್ಲ ಹೆಂಗಸರ ಹಾಗೆ ರಾಗವಾಗಿ ಮಾತಾಡತೊಡಗಿದೆ. ಊರಿನ ಸುದ್ದಿ ಹೇಳಿದೆ, ಎಣ್ಣೆ ಎಷ್ಟಾಯಿತೆಂದು ಹೇಳಿದೆ. ಬಾಯಿ ತಪ್ಪಿ ಅದೂ ಬಂದುಬಿಟ್ಟಿತು. "ಅಮ್ಮಾ, ಒಬ್ಬ ಕೇಳ್ದ, ನಾನು ಒಲ್ಲೆ ಅಂದೆ, ಒಲ್ಲೆ ಅಂದಿದ್ದು ಸುಳ್ಳಮ್ಮಾ." ತಿರುಗಿ ನೋಡಿದರೆ ಹಿಂದೆ ಕಲಿಯೋಪಿ ನಿಂತಿದ್ದಾಳೆ. ಕಣ್ಣು ತುಂಬಿಕೊಂಡಿದ್ದಳು, ಆದರೆ ತುಟಿಯಲ್ಲಿ ನಿನ್ನದೇ ತುಂಟತನ.

"ಯಾರದು ಚಿಕ್ಕಮ್ಮ?"

"ಸತ್ತವರ ಹತ್ರ ಆಡಿದ್ ಮಾತು ಬದುಕಿದೋರು ಕೇಳ್ಬಾರ್ದು."

"ಸರಿ, ನಾನು ಕೇಳ್ಲಿಲ್ಲ. ಯಾರು ಅಂತ ಮಾತ್ರ ಹೇಳು."

ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಕುಣಿತ ಶುರುವಾಯಿತು. ಮಿನಾಸ್ ಮೂರು ತಂತಿಯ ಲೀರಾವನ್ನು ಮೊಣಕಾಲ ಮೇಲೆ ನಿಲ್ಲಿಸಿಕೊಂಡು ಬಾರಿಸುತ್ತಿದ್ದ. ಗಂಡಸರು ಒಬ್ಬೊಬ್ಬರಾಗಿ ಎರಡು ಸಾಲಿನ ಪದ ಕಟ್ಟಿ ಹಾಡುತ್ತಿದ್ದರು, ಹೊಸ ಸೊಸೆಗೆ, ಸತ್ತ ಅಣ್ಣನಿಗೆ, ಹಡಗಿನಲ್ಲಿರುವ ಮಗನಿಗೆ. ಮಿನಾಸ್ ತನ್ನ ಸರದಿ ಬಂದಾಗ ತಲೆ ಎತ್ತಲೇ ಇಲ್ಲ. ನೆಲ ನೋಡಿಕೊಂಡೇ ಹಾಡಿದ:

ಹೆಂಡತಿ ಮನೆಯಲಿ ಇದ್ದೆ ನಾ ಅಂದು, ಮಗಳದು ಆ ಮನೆ ಇಂದು;
ಗೂಡಿಲ್ಲದ ಹಕ್ಕಿ ಕೂಗುತಲಿದೆ, ಗೂಡಿಲ್ಲದ ಹಕ್ಕಿಯೆ, ಬಾ ಎಂದು.

ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಗಂಡಸರು ಬೇಕೆಂದೇ ಲೋಟದೊಳಗೆ ನೋಡತೊಡಗಿದರು. ಮರೂಕ್ಲಾ ಅಜ್ಜಿ ಮಾತ್ರ ಕೋಲಿನಿಂದ ನನ್ನ ಕಾಲಿಗೆ ತಿವಿದು, "ಕಿವಿ ಕೇಳ್ಸಲ್ಲ ಅಂತ ನಂಗ್ ಅಂತಾರೆ. ನಿಂಗೇನಾಗಿದೆಯೇ?" ಅಂದಳು.

ಅಮ್ಮ ಹೋದ ಮೇಲೆ ನಾನು ಕುಣಿತಕ್ಕೆ ಕಾಲಿಟ್ಟಿರಲಿಲ್ಲ. ಆ ಅಂಗಳ ದಾಟುವುದು ಎಷ್ಟು ದೂರ ಅನ್ನಿಸಿತು ಗೊತ್ತೇ? ಹೆಂಗಸರ ಸಾಲಿನ ಹತ್ತಿರ ಹೋಗಿ ನಿಂತೆ. ಎಲ್ಲಿ ಸೇರಬೇಕೆಂದು ತಿಳಿಯಲಿಲ್ಲ. ಆಗ ಮಿನಾಸನ ಮಗಳು ಫೋತಿನಿ ಪಕ್ಕದವಳ ಕೈ ಬಿಟ್ಟು ಜಾಗ ಮಾಡಿದಳು, ನನ್ನ ಕೈ ಹಿಡಿದುಕೊಂಡಳು. ಅಷ್ಟೇ. ಲೀರಾದ ಮೇಲಿನ ಕೈ ಒಂದು ಕ್ಷಣ ತಪ್ಪಿತು, ಮತ್ತೆ ಸರಿಹೋಯಿತು.

ಈಗ ನಿನ್ನ ಪ್ರಶ್ನೆಗೆ ಉತ್ತರ. ನಿನ್ನ ಮನೆಯ ಆಸೆ ನನಗಿಲ್ಲ. ಇದ್ದದ್ದು ಬೇರೆಯ ಆಸೆ.

ಸೆವಾಸ್ತಿ


ಪಿರೇಯಸ್
೧೭ ಮೇ ೧೯೭೦

ನನ್ನ ಸೆವಾಸ್ತಿ,

ಕಲಿಯೋಪಿ ಕಾಗದ ಕೊಟ್ಟು ಅಡುಗೆಮನೆಯ ಬಾಗಿಲಲ್ಲೇ ನಿಂತಳು. "ನಲ್ಲಿ ಬಿಡ್ಬೇಡಮ್ಮ, ಹಾಗೇ ಅಳು" ಅಂದಳು. ಇಬ್ಬರೂ ಅತ್ತೆವು. ಆಮೇಲೆ ಅವಳು ನನಗೆ ಊರಿನದೆಲ್ಲ ಹೇಳಿದಳು. ನೀನು ಹಿತ್ತಿಲ ಕೋಣೆಯಲ್ಲಿ ಹೇಗೆ ಮಲಗುತ್ತೀ ಅನ್ನುವುದನ್ನೂ. ನಾನು ಅದನ್ನು ತಮಾಷೆಯ ಹಾಗೆ, ಕಾಳಜಿಯ ಹಾಗೆ ಬರೆದಿದ್ದೆ ಅಂದುಕೊಂಡಿದ್ದೆ. ನೀನು ನಿಜಕ್ಕೂ ಹಾಸಿಗೆ ಹೊತ್ತುಕೊಂಡು ಹೋಗುತ್ತೀ ಅಂತ ಬರೆಯುವಾಗ ನನಗೇನು ಗೊತ್ತು?

ಇಲ್ಲಿ ದೊಡ್ಡ ಮನೆ ಅಂತ ಬರೆದಿದ್ದೆ. ಎರಡು ಕೋಣೆ, ಸೆವಾಸ್ತಿ. ಕೆಳಗೆ ಮೀನು ಹುರಿಯುವ ಅಂಗಡಿ. ಬಂದರು ಕಾಣುತ್ತದೆ ಅನ್ನುವುದು ನಿಜ, ಬಟ್ಟೆ ಒಣಹಾಕುವ ತಂತಿಯ ಸಂದಿಯಲ್ಲಿ. ಆ ಅಂಗಡಿಯವಳೇ ನಮ್ಮ ಬಾಡಿಗೆ ಮನೆಯ ಒಡತಿ, ನಾವು ಜೋರಾಗಿ ನಡೆದರೆ ಪೊರಕೆಯ ಹಿಡಿಯಿಂದ ತನ್ನ ಸೂರಿಗೆ ಕುಟ್ಟುತ್ತಾಳೆ. ಅವಳು ಕುಟ್ಟಿದಾಗೆಲ್ಲ ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ: ನನಗೂ ಒಂದು ಮನೆ ಇದೆ, ಅಲ್ಲಿ ನಾನು ಎಷ್ಟು ಬೇಕಾದರೂ ಕುಣಿಯಬಹುದು. ತಟ್ಟೆಗಳು ಜಾಗ ಬಿಟ್ಟು ಕದಲಬಾರದು ಅಂತ ನಿನಗೆ ಅಷ್ಟು ಹೇಳುತ್ತಿದ್ದದ್ದು ಅದಕ್ಕೇ. ಮಗಳು ಬೇಡ ಅಂದ ದಿನ ಕಾಲ ಕೆಳಗಿನ ನೆಲವೇ ಹೋದ ಹಾಗಾಯಿತು. ಆಮೇಲೆ ನಿನ್ನ ಮೂರು ಸಾಲಿನ ಕಾಗದ. ಇದ್ದದ್ದೊಂದನ್ನು ತಂಗಿಯೂ ಕಿತ್ತುಕೊಳ್ಳುತ್ತಾಳೆ ಅನ್ನಿಸಿತು.

ಸ್ತಮಾತಿಸ್ ಒಂದೇ ಮಾತು ಹೇಳಿದ. "ರಿಗೊ, ನಾವು ಊರು ಬಿಟ್ಟ ಹದಿನೇಳು ವರ್ಷದಿಂದ ಆ ಮನೇಲಿ ಒಲೆ ಹೊತ್ತಿಸ್ತಿರೋರು ಯಾರು?"

ಮನೆ ನಿನಗೆ. ಮಿನಾಸನನ್ನು ಅಲ್ಲಿಗೇ ಕರೆದುಕೋ. ಅಟ್ಟದ ಮೇಲೆ ಮಲಗಿ. ಯಾರಾದರೂ ಕೇಳಿದರೆ, ಮೊದಲ ಮಗಳೇ ಕೊಟ್ಟಳು ಅನ್ನು. ನೀಲಿ ಮೀನಿನ ತಟ್ಟೆ ಮಾತ್ರ ಕಂಬದ ಎಡಕ್ಕೇ ಇರಲಿ, ಅಷ್ಟು ಮಾಡು.

ರಿಗೊ


ಒಲಿಂಬೊಸ್
೫ ಜೂನ್ ೧೯೭೦

ಅಕ್ಕಾ,

ನಿನ್ನ ಕಾಗದವನ್ನು ಮಿನಾಸನಿಗೆ ಓದಿ ಹೇಳಿದೆ. ಅವನು ಟೋಪಿ ತಿರುಗಿಸುತ್ತ ಕೂತಿದ್ದ. "ನಿಮ್ಮಕ್ಕ ದೊಡ್ಡ ಮನಸ್ಸಿನೋಳು" ಅಂದ. ಆಮೇಲೆ, "ಆದ್ರೆ ಸೆವಾಸ್ತಿ, ಇಪ್ಪತ್ತು ವರ್ಷ ಇನ್ನೊಬ್ರ ತಟ್ಟೆಗಳ ಕೆಳಗೆ ಮಲಗಿದೀನಿ. ಏಳುವಾಗೆಲ್ಲ ತಲೆ ತಗ್ಗಿಸಿ ಏಳ್ಬೇಕು" ಅಂದ. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಮನೆ ನಿನ್ನದೇ ಇರಲಿ. ಕೋಪದಿಂದ ಹೇಳುತ್ತಿಲ್ಲ, ನನ್ನಾಣೆ. ನೀನು ಕೊಟ್ಟೆಯಲ್ಲ, ಆ ದಿನವೇ ನನಗೆ ಹೊಟ್ಟೆ ತುಂಬಿತು. ಅಮ್ಮ ನನ್ನ ಪಾಲಿಗೆ ಬಿಟ್ಟದ್ದು ಅವ್ಲೋನಾದ ಬಾರ್ಲಿ ಹೊಲ, ಹೊಲದ ಅಂಚಿನ ಕಲ್ಲಿನ ಗುಡಿಸಲು. ಕತ್ತೆ ಕಟ್ಟುತ್ತಿದ್ದೆವು ಅಂತ ನೀನು ಮೂಗು ಮುಚ್ಚಿಕೊಳ್ಳುತ್ತಿದ್ದೆಯಲ್ಲ, ಅದೇ. ಅಲ್ಲಿಗೆ ಇನ್ನೊಂದು ಕೋಣೆ ಸೇರಿಸುತ್ತಿದ್ದೇವೆ. ಫೋತಿನಿಯೂ ಅವಳ ಹುಡುಗನೂ ಕಲ್ಲು ಹೊರುತ್ತಿದ್ದಾರೆ. ಮಿನಾಸ್ ಬಾಗಿಲು ಮಾಡಿದ, ಒಂದು ಗೇಣು ಅಗಲ ಹೆಚ್ಚಾಗಿ ಗೋಡೆಯನ್ನೇ ಕೆತ್ತಬೇಕಾಯಿತು. "ಕಾಲಿನ ಅಳತೆ ನೋಡೋನ್ಗೆ ಬಾಗಿಲಿನ ಅಳತೆ ಯಾಕೆ ಕೊಟ್ರಿ?" ಅಂತ ಮರೂಕ್ಲಾ ಅಜ್ಜಿ ಕತ್ತೆಯ ಮೇಲೆ ಕೂತು ಬಂದು ನೋಡಿ ಹೇಳಿಹೋದಳು.

ಮದುವೆ ಜುಲೈ ಹನ್ನೆರಡು, ಭಾನುವಾರ. ನೀನು ಬರಬೇಕು. ಕೂದಲು ಕತ್ತರಿಸಿಕೊಂಡಿದ್ದೀ, ಗಿಡ್ಡ ಲಂಗ ಹಾಕುತ್ತೀ, ಊರವರು ಏನಂದಾರು ಅಂತ ಹೆದರುತ್ತೀ ಎಂದು ಕಲಿಯೋಪಿ ಹೇಳಿದಳು. ಅನ್ನುತ್ತಾರೆ, ಅಕ್ಕಾ. ಒಂದು ದಿನ ಅನ್ನುತ್ತಾರೆ. ಮಾರನೆಯ ದಿನ ಮೇಕೆ ಕಳೆದುಹೋಗುತ್ತದೆ, ಅದರ ಮಾತು ಶುರುವಾಗುತ್ತದೆ.

ನನಗೆ ಮದುವೆಯ ಉಡುಪು ತೊಡಿಸಲು ತಾಯಿ ಇಲ್ಲ. ನೀನು ಬಾ.

ಸೆವಾಸ್ತಿ


ಒಲಿಂಬೊಸ್
೨೬ ಜುಲೈ ೧೯೭೦

ಸೆವಾಸ್ತಿ,

ಇದು ಒಲಿಂಬೊಸಿನಿಂದ ನಾನು ನಿನಗೆ ಬರೆಯುವ ಮೊದಲ ಕಾಗದ. ಅವ್ಲೋನಾದ ಕಡೆ ಹೊರಟ ಹೇಸರಗತ್ತೆಯವನ ಕೈಯಲ್ಲಿ ಕೊಡುತ್ತಿದ್ದೇನೆ. ಎರಡು ತಾಸಿನ ದಾರಿಗೆ ಕಾಗದವೇ ಅಂತ ಅವನು ನಕ್ಕ. ಅಭ್ಯಾಸವಾಗಿಬಿಟ್ಟಿದೆ, ಏನು ಮಾಡಲಿ?

ಸ್ತಮಾತಿಸ್ ಶುಕ್ರವಾರದ ದೋಣಿಗೆ ವಾಪಸಾದ. ನಾನು ಆಗಸ್ಟಿನ ಮಾತೆ ಮರಿಯಳ ಹಬ್ಬ ಮುಗಿಸಿಯೇ ಬರುತ್ತೇನೆಂದೆ. "ಇರು, ಮನೆ ಒಡತಿ ಪೊರಕೆ ಹಿಡಿದು ಯಾರಿಗೆ ಕುಟ್ತಾಳೋ ನೋಡೋಣ" ಅಂದ. ನೀನು ಹೇಳಿದ್ದು ಸರಿ. ನನ್ನ ಕೂದಲಿನ ಬಗ್ಗೆ ಒಂದು ದಿನ ಮಾತಾಡಿದರು. ಮಾರನೆಯ ದಿನ ಪಾದ್ರಿಗಳ ಹೋತ ಗಾಳಿಗಿರಣಿಯ ಮೇಲೆ ಹತ್ತಿ ಕೂತಿತು.

ನಿನಗೆ ಹೇಳಬೇಕಾದ ಒಂದು ವಿಷಯ. ಮದುವೆಯ ಬೆಳಗ್ಗೆ ನಿನಗೆ ಸೊಂಟದ ಪಟ್ಟಿ ಕಟ್ಟುವಾಗ ನನಗೆ ಗಂಟು ಹೇಗೆ ಹಾಕಬೇಕೆಂದು ಮರೆತುಹೋಗಿತ್ತು. ನೀನು ತಿರುಗಿಯೂ ನೋಡದೆ ನನ್ನ ಬೆರಳುಗಳನ್ನು ಹಿಡಿದು ಗಂಟು ಹಾಕಿಸಿದೆ. ಸುತ್ತ ಇದ್ದ ಹೆಂಗಸರೆಲ್ಲ ನಾನೇ ಕಟ್ಟಿದೆ ಅಂದುಕೊಂಡರು. ಚರ್ಚಿನಲ್ಲಿ ನಿಮ್ಮಿಬ್ಬರನ್ನೂ ನೋಡುವುದು ಬಿಟ್ಟು ನಾನು ಆ ಗಂಟನ್ನೇ ನೋಡುತ್ತಿದ್ದೆ.

ನಿನ್ನೆ ನಾನೊಬ್ಬಳೇ ಹೊರಗಿನ ಒಲೆ ಹೊತ್ತಿಸಿ ರೊಟ್ಟಿ ಸುಟ್ಟೆ. ಸುಟ್ಟೆ ಅಂದರೆ ಸುಟ್ಟೇಬಿಟ್ಟೆ. ಮರೂಕ್ಲಾ ಅಜ್ಜಿ ಒಂದನ್ನು ಗೋಡೆಗೆ ಬಡಿದು ನೋಡಿ, "ಸೆವಾಸ್ತಿ ಮನೆಗೆ ಇನ್ನೂ ಕಲ್ಲು ಬೇಕಿತ್ತಂತೆ, ಕಳ್ಸಮ್ಮ" ಅಂದಳು. ಬೀದಿಯಲ್ಲಿ ನಿಂತು ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕಲಿಯೋಪಿ ಔಷಧಿಯ ಓದಿಗೆ ಸೇರುವ ಪರೀಕ್ಷೆ ಪಾಸಾದಳೆಂದು ಇವತ್ತು ತಂತಿ ಬಂದಿದೆ. ಅದನ್ನೂ ಅಜ್ಜಿಗೇ ಮೊದಲು ಹೇಳಿದೆ. "ಒಳ್ಳೇದಾಯ್ತು, ನನ್ ಮಂಡಿಗೆ ಔಷಧಿ ತರ್ಲಿ" ಅಂದಳು.

ಹಿಟ್ಟಿಗೆ ಹುಳಿ ಎಷ್ಟು ಹಾಕುತ್ತೀ, ಒಲೆ ಕಾದದ್ದು ಹೇಗೆ ಗೊತ್ತಾಗುತ್ತದೆ, ಬರೆದು ಕಳಿಸು. ಬೇಡ, ಬರೆಯಬೇಡ. ಭಾನುವಾರ ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಊಟಕ್ಕೆ ಬಾ. ನೀನು ಕೂತು ಹೇಳು, ನಾನು ಮಾಡುತ್ತೇನೆ.

ನಿನ್ನ ಅಕ್ಕ
ರಿಗೊ